ಸೆಕೆಂಡ್ ಹಾಫ್ ಕೆಡುವುದು ಫಸ್ಟ್ ಹಾಫ್‌ನಲ್ಲೇ: ಬೆಂಗಳೂರಿನ ಪರದೆಯಲ್ಲಿ ನಮ್ಮ ಕಥೆ, ಅಮೆರಿಕದ ಕಥೆ

ಶುಕ್ರವಾರ ಮೊದಲ ಆಟ ಬಿಡುವ ಹೊತ್ತಿಗೆ ಕೆ.ಜಿ. ರಸ್ತೆಯ ಸಂತೋಷ್, ನರ್ತಕಿ ಚಿತ್ರಮಂದಿರಗಳ ಮುಂದೆ ಯೂಟ್ಯೂಬ್ ಚಾನೆಲ್‌ನವರ ಮೈಕುಗಳು ಕಾದಿರುತ್ತವೆ. ಹೊರಬಂದವರ ತೀರ್ಪು ಬಹಳ ಸಲ ಒಂದೇ: ‘ಫಸ್ಟ್ ಹಾಫ್ ಸೂಪರ್ ಗುರು, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗು.’ ಮಾಗಡಿ ರಸ್ತೆಯ ವೀರೇಶ್‌ನಲ್ಲೂ ಇದೇ ಮಾತು, ಮಾಲ್‌ಗಳ ಮಲ್ಟಿಪ್ಲೆಕ್ಸ್‌ನಲ್ಲೂ ಇದೇ ಮಾತು. ಅದೇ ಮಾಲ್‌ನ ಪಕ್ಕದ ಪರದೆಯಿಂದ ಅಮೆರಿಕದ ಸಿನಿಮಾ ನೋಡಿ ಬಂದವರ ದೂರು ಬೇರೆ: ‘ಕಥೆ ಚೆನ್ನಾಗಿ ಹೋಗ್ತಿತ್ತು, ಕೊನೇಲಿ ಮಾತ್ರ ಅದೇ ಗ್ರಾಫಿಕ್ಸ್ ಗಲಾಟೆ.’ ಈ ಎರಡು ದೂರುಗಳನ್ನು ಎದುರಿಗಿಟ್ಟುಕೊಂಡು, ಬೆಂಗಳೂರಿನಲ್ಲಿ ಟಿಕೆಟ್ ದುಡ್ಡಿಗೆ ಸಿಗುವ ಎರಡು ಬಗೆಯ ಕಥೆಗಳನ್ನು ತೂಗಿ ನೋಡುವ ವಿಮರ್ಶೆ ಇದು. ನಟನೆ, ಕ್ಯಾಮೆರಾ, ಸಂಗೀತದ ಗೊಡವೆಗೆ ಹೋಗುವುದಿಲ್ಲ. ನೋಡುವುದು ಕಥೆ ಕಟ್ಟುವ ಕೆಲಸವನ್ನು ಮಾತ್ರ. ಕೆಲವು ಚಿತ್ರಗಳ ಕ್ಲೈಮ್ಯಾಕ್ಸ್ ಹೇಳದೆ ಈ ಮಾತು ಆಡಲಾಗದು, ಆದ್ದರಿಂದ ನೋಡದೆ ಉಳಿದವರು ಎಚ್ಚರ.

ತೀರ್ಪು ಮೊದಲೇ ಹೇಳಿಬಿಡೋಣ. ನಮ್ಮ ಕಮರ್ಷಿಯಲ್ ಸಿನಿಮಾ ಕಥೆಯಲ್ಲಿ ಸೋಲುವುದು ಹಾಡಿನಿಂದಲ್ಲ, ಫೈಟಿನಿಂದಲ್ಲ, ಉದ್ದದಿಂದಲೂ ಅಲ್ಲ. ಮೊದಲ ಅರ್ಧ ಗಂಟೆಯಲ್ಲಿ ಹೀರೋಗೆ ಏನು ಬೇಕು, ಅದು ಸಿಗದಿದ್ದರೆ ಅವನು ಏನು ಕಳೆದುಕೊಳ್ಳುತ್ತಾನೆ ಎಂಬ ಎರಡು ಸಂಗತಿಗಳನ್ನು ಇಡದೆ ಇರುವುದರಿಂದ ಸೋಲುತ್ತದೆ. ಪೆಟ್ಟು ಬೀಳುವುದು ಅಲ್ಲಿ, ನೋವು ಕಾಣುವುದು ಸೆಕೆಂಡ್ ಹಾಫ್‌ನಲ್ಲಿ. ಅಮೆರಿಕದ ಚಿತ್ರಗಳು ಈ ಒಂದು ಕೆಲಸವನ್ನು ಬಹುಪಾಲು ತಪ್ಪದೆ ಮಾಡುತ್ತವೆ. ಪ್ರತಿಭೆಯಲ್ಲಿ ಅವರು ದೊಡ್ಡವರೆಂದಲ್ಲ. ಅವರಲ್ಲಿ ಕಥೆ ಪರದೆಗೆ ಬರುವ ದಾರಿಯೇ ಬೇರೆ.

150 ನಿಮಿಷದ ಮಾಮೂಲಿ ಮಾಸ್ ಚಿತ್ರವೊಂದನ್ನು ಗಡಿಯಾರ ಇಟ್ಟುಕೊಂಡು ನೋಡಿ. ಮೊದಲ ಏಳೆಂಟು ನಿಮಿಷ ವಿಲನ್ ಕ್ರೌರ್ಯ: ಒಂದು ಕೊಲೆ, ಒಂದು ಊರಿನ ಗೋಳು. ಹದಿನೈದನೇ ನಿಮಿಷದೊಳಗೆ ಹೀರೋ ಎಂಟ್ರಿ. ಮೊದಲು ಕಾಲು, ಆಮೇಲೆ ಕೈಯ ಕಡಗ, ಬೆನ್ನು, ಕೊನೆಗೆ ಮುಖ. ಅದರ ಬೆನ್ನಿಗೆ ಫೈಟು, ಫೈಟಿನ ಬೆನ್ನಿಗೆ ಇಂಟ್ರೊಡಕ್ಷನ್ ಸಾಂಗು. ಇಷ್ಟಕ್ಕೆ 25 ನಿಮಿಷ ಆಯಿತು. ಮುಂದಿನ 25 ನಿಮಿಷ ನಾಯಕಿಯ ಹಿಂದೆ ಸುತ್ತುವುದು, ಸ್ನೇಹಿತರ ಕಾಮಿಡಿ, ಒಂದು ಡ್ಯುಯೆಟ್. ಗಂಟೆ ದಾಟುವಾಗ ವಿಲನ್ ಕಡೆಯವರು ಹೀರೋ ಮನೆಯವರ ತಂಟೆಗೆ ಬರುತ್ತಾರೆ. 75ನೇ ನಿಮಿಷದ ಆಸುಪಾಸಿನಲ್ಲಿ ಇಂಟರ್ವಲ್ ಬ್ಲಾಕ್: ಹೀರೋ ಯಾರೆಂದು ನಾವು ತಿಳಿದಿದ್ದೆವೋ ಅವನಲ್ಲ, ಅವನಿಗೊಂದು ಹಳೆಯ ಹೆಸರಿದೆ. ಶಿಳ್ಳೆ, ಚಪ್ಪಾಳೆ, ದೀಪ ಹತ್ತುತ್ತದೆ.

ಈ 75 ನಿಮಿಷದಲ್ಲಿ ಅವನಿಗೆ ಏನು ಬೇಕಿತ್ತು? ನಾಯಕಿ ಬೇಕಿತ್ತು, ಅವಳು ಆಗಲೇ ಒಪ್ಪಿದ್ದಾಳೆ. ಅವನು ಯಾರಿಗಾದರೂ ಸೋತನೇ? ಇಲ್ಲ, ನಾಲ್ಕು ಸಲ ಹೊಡೆದಾಡಿ ನಾಲ್ಕು ಸಲವೂ ಗೆದ್ದ. ಹಾಗಾಗಿ ಇಂಟರ್ವಲ್‌ನಲ್ಲಿ ಎದ್ದು ಹೋಗುವವನ ತಲೆಯಲ್ಲಿ ಉಳಿಯುವುದು ‘ಇವನ ಹಿಂದಿನ ಕಥೆ ಏನು’ ಎಂಬ ಕುತೂಹಲವೇ ಹೊರತು ‘ಇವನು ಇನ್ನು ಏನು ಮಾಡುತ್ತಾನೆ’ ಎಂಬ ಆತಂಕವಲ್ಲ. ಕುತೂಹಲಕ್ಕೆ ಉತ್ತರ ಕೊಟ್ಟರೆ ಮುಗಿಯಿತು. ಆತಂಕವಾದರೆ ಕೊನೆಯ ರೀಲಿನವರೆಗೆ ಹಿಡಿದಿಡುತ್ತದೆ. ಪಾಪ್‌ಕಾರ್ನ್ ಹಿಡಿದು ವಾಪಸ್ ಬಂದವರಿಗೆ ಮೊದಲು ಸಿಗುವುದು 20 ನಿಮಿಷದ ಫ್ಲ್ಯಾಶ್‌ಬ್ಯಾಕು. ಅದು ಮುಗಿದಾಗ ಗಡಿಯಾರ 95 ತೋರಿಸುತ್ತದೆ, ಕಥೆ ಮಾತ್ರ 75ರಲ್ಲೇ ನಿಂತಿದೆ. ಪ್ರೇಕ್ಷಕ ಮೊಬೈಲ್ ತೆಗೆಯುವುದು ಇಲ್ಲಿ. ದೃಶ್ಯದ ವೇಗ ಕಡಿಮೆಯಾಗಿದ್ದಕ್ಕೆ ಅಲ್ಲ, ಕಾಯುವುದಕ್ಕೆ ಏನೂ ಇಲ್ಲದ್ದಕ್ಕೆ.

ಎಡಿಟಿಂಗ್ ಟೇಬಲ್‌ನಲ್ಲಿ ಇದನ್ನು ಸರಿಮಾಡಲು ಹೊರಟರೆ ಇನ್ನೂ ಕೆಡುತ್ತದೆ. ಬಿಡುಗಡೆಯಾದ ಮೂರನೇ ದಿನ ‘ಹತ್ತು ನಿಮಿಷ ಟ್ರಿಮ್ ಮಾಡಿದ್ದೇವೆ’ ಎಂಬ ಪ್ರಕಟಣೆ ಬರುತ್ತದಲ್ಲ, ಆ ಹತ್ತು ನಿಮಿಷವನ್ನು ಸಾಮಾನ್ಯವಾಗಿ ಸೆಕೆಂಡ್ ಹಾಫ್‌ನಿಂದ ತೆಗೆಯುತ್ತಾರೆ. ಹೋಗುವುದು ಅಳಿದುಳಿದ ಕೊಂಡಿಗಳೇ: ತಂಗಿ ಆಸ್ಪತ್ರೆಗೆ ಹೇಗೆ ಬಂದಳು, ವಿಲನ್‌ಗೆ ವಿಳಾಸ ಹೇಗೆ ಸಿಕ್ಕಿತು ಎಂಬ ಎರಡೆರಡು ನಿಮಿಷದ ದೃಶ್ಯಗಳು. ಚಿತ್ರ ಗಿಡ್ಡವಾಗುತ್ತದೆ, ಬೇಸರ ಹಾಗೇ ಉಳಿಯುತ್ತದೆ, ಜೊತೆಗೆ ‘ಲಾಜಿಕ್ ಇಲ್ಲ’ ಎಂಬ ಹೊಸ ದೂರು ಸೇರುತ್ತದೆ. ಕತ್ತರಿ ಆಡಬೇಕಾದ್ದು 25ರಿಂದ 50ನೇ ನಿಮಿಷದ ನಡುವೆ.

ಇನ್ನು ಅಮೆರಿಕದ ಕಡೆ. ಅಲ್ಲಿ ಚಿತ್ರಕಥೆಯ ಒಂದು ಪುಟ ಪರದೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಲೆಕ್ಕ ಬಹಳ ಹಿಂದಿನಿಂದ ಇದೆ. 12 ಪಾಯಿಂಟ್ ಕೊರಿಯರ್ ಅಕ್ಷರದಲ್ಲಿ ಬರೆದರೆ ಎರಡು ಗಂಟೆಯ ಚಿತ್ರಕ್ಕೆ 120 ಪುಟ. ಚಿತ್ರಕಥೆ ಬರೆಯುವುದನ್ನು ಕಲಿಸುತ್ತಿದ್ದ ಸಿಡ್ ಫೀಲ್ಡ್ 1979ರಲ್ಲಿ ಪುಸ್ತಕವಾಗಿ ಕೊಟ್ಟ ಸೂತ್ರದಲ್ಲಿ ಇದು ಮೂವತ್ತು, ಅರವತ್ತು, ಮೂವತ್ತು ಎಂದು ಮೂರು ಪಾಲು: ಸಮಸ್ಯೆಯೊಳಗೆ ಬೀಳುವುದು, ಒದ್ದಾಡುವುದು, ತೀರಿಸುವುದು. ಸೂತ್ರವನ್ನು ಕುರುಡಾಗಿ ಪಾಲಿಸಿ ಸತ್ತ ಚಿತ್ರಗಳೂ ಅಲ್ಲಿ ಬೇಕಾದಷ್ಟಿವೆ. ಆದರೆ ಅರ್ಧ ಗಂಟೆಯೊಳಗೆ ನಾಯಕ ಹಿಂದೆ ಬರಲಾಗದ ಬಾಗಿಲು ದಾಟಿರಬೇಕು ಎಂಬ ಶಿಸ್ತು ಅಲ್ಲಿನ ಸಾಧಾರಣ ಚಿತ್ರವನ್ನೂ ಒಂದು ಮಟ್ಟಕ್ಕಿಂತ ಕೆಳಗೆ ಬೀಳದಂತೆ ಹಿಡಿದಿಡುತ್ತದೆ.

ಈ ಶಿಸ್ತು ಒಳ್ಳೆಯವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ 1985ರ ‘ಬ್ಯಾಕ್ ಟು ದಿ ಫ್ಯೂಚರ್’ ಚಿತ್ರದ ಒಂದು ಕರಪತ್ರವನ್ನು ಹತ್ತಿರದಿಂದ ನೋಡಬೇಕು. ಊರಿನ ಗಡಿಯಾರ ಗೋಪುರ ಉಳಿಸಿ ಎಂದು ಚಂದಾ ಎತ್ತುವ ಹೆಂಗಸೊಬ್ಬಳು ಹುಡುಗ ಹುಡುಗಿ ಮಾತಾಡುತ್ತಿದ್ದಲ್ಲಿಗೆ ಬಂದು ಅಡ್ಡಿಪಡಿಸುತ್ತಾಳೆ. ಮೂವತ್ತು ವರ್ಷದ ಹಿಂದೆ ಸಿಡಿಲು ಬಡಿದು ಗಡಿಯಾರ ನಿಂತುಹೋದ ಕಥೆ ಹೇಳಿ ಕರಪತ್ರ ಕೊಟ್ಟು ಹೋಗುತ್ತಾಳೆ. ಇಂಥ ಕಾಗದವನ್ನು ಯಾರೂ ಜೇಬಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಆದರೆ ಹುಡುಗಿ ಅದರ ಹಿಂಬದಿಯಲ್ಲಿ ತಾನು ಉಳಿಯಲಿರುವ ಅಜ್ಜಿ ಮನೆಯ ಫೋನ್ ನಂಬರ್ ಬರೆದು, ಪ್ರೀತಿಯ ಒಂದು ಮಾತು ಸೇರಿಸುತ್ತಾಳೆ. ಹುಡುಗ ಅದನ್ನು ಇಟ್ಟುಕೊಳ್ಳುವುದು ಅದಕ್ಕಾಗಿ. ಮುಂದೆ ಕಾಲಯಂತ್ರದಲ್ಲಿ 1955ಕ್ಕೆ ಹೋಗಿ ಸಿಕ್ಕಿಬಿದ್ದಾಗ ವಾಪಸಾಗಲು 1.21 ಗಿಗಾವ್ಯಾಟ್ ವಿದ್ಯುತ್ ಬೇಕು, ಅಷ್ಟನ್ನು ಕೊಡುವುದು ಸಿಡಿಲು ಮಾತ್ರ, ಸಿಡಿಲು ಯಾವಾಗ ಎಲ್ಲಿ ಬಡಿಯುತ್ತದೋ ಯಾರಿಗೆ ಗೊತ್ತು ಎನ್ನುತ್ತಾನೆ ವಿಜ್ಞಾನಿ. ಹುಡುಗ ತನ್ನ ಹುಡುಗಿ ಕಾಯುತ್ತಿದ್ದಾಳೆಂದು ತೋರಿಸಲು ಆ ಕಾಗದ ತೆಗೆಯುತ್ತಾನೆ. ಅದರ ಇನ್ನೊಂದು ಮಗ್ಗುಲಲ್ಲಿ ದಿನಾಂಕವೂ ಇದೆ, ರಾತ್ರಿ 10 ಗಂಟೆ 4 ನಿಮಿಷ ಎಂಬ ಸಮಯವೂ ಇದೆ.

ಒಂದೇ ಕಾಗದ: ಒಂದು ಬದಿ ಲವ್ ಟ್ರ್ಯಾಕು, ಇನ್ನೊಂದು ಬದಿ ಕ್ಲೈಮ್ಯಾಕ್ಸು. ನಮ್ಮ ಬರಹಗಾರರ ಮೇಜಿನ ಮುಂದೆ ಅಂಟಿಸಿಕೊಳ್ಳಬೇಕಾದ ಪಾಠ ಇದು. ನಮ್ಮ ಚಿತ್ರದಲ್ಲಿ ಪ್ರೇಮಕ್ಕೆ 25 ನಿಮಿಷ ಕೊಡುತ್ತೇವೆ, ಅದರಲ್ಲಿ ಒಂದೇ ಒಂದು ವಸ್ತು, ಒಂದೇ ಒಂದು ಮಾತು, ಒಂದೇ ಒಂದು ತಪ್ಪು ಕೊನೆಯ ಹೊಡೆದಾಟದವರೆಗೆ ಹೋಗುವುದಿಲ್ಲ. ನಾಯಕಿಯನ್ನು ಚಿತ್ರದಿಂದ ಎತ್ತಿ ಆಚೆಗಿಟ್ಟು ನೋಡಿ, ಕಥೆ ಕದಲದಿದ್ದರೆ ಆ 25 ನಿಮಿಷ ವ್ಯರ್ಥ. ಪ್ರೇಮ ಇರಬಾರದೆಂದಲ್ಲ. ಪ್ರೇಮದಿಂದಾಗಿ ಹೀರೋ ಒಂದು ತೀರ್ಮಾನ ತಗೊಳ್ಳಬೇಕು, ಆ ತೀರ್ಮಾನದಿಂದ ಅವನಿಗೆ ತೊಂದರೆಯಾಗಬೇಕು. ಅಷ್ಟಾದರೆ ಎರಡು ಡ್ಯುಯೆಟ್ ಹೆಚ್ಚಿಗಿದ್ದರೂ ಜನ ಕೂರುತ್ತಾರೆ.

ಇದು ಅಮೆರಿಕದವರಿಗೆ ಮಾತ್ರ ಗೊತ್ತಿರುವ ವಿದ್ಯೆ ಎಂದುಕೊಳ್ಳುವುದು ತಪ್ಪು. 2022ರ ‘ಕಾಂತಾರ’ ನೋಡಿ. 1847ರ ರಾಜ ನೆಮ್ಮದಿಗಾಗಿ ಕಾಡಿನ ಜಮೀನನ್ನು ಜನರಿಗೆ ಬಿಟ್ಟುಕೊಡುತ್ತಾನೆ, ಮಾತು ತಪ್ಪಿದರೆ ದೈವ ಸುಮ್ಮನಿರುವುದಿಲ್ಲ ಎಂಬ ಷರತ್ತು ಆಗಲೇ ಬೀಳುತ್ತದೆ. 1970ರಲ್ಲಿ ಅದೇ ವಂಶದವನು ಜಮೀನು ವಾಪಸ್ ಕೇಳುತ್ತಾನೆ, ಕೋಲ ಕಟ್ಟಿದವನು ಕಾಡಿಗೆ ಓಡಿ ಮಾಯವಾಗುತ್ತಾನೆ, ಕೇಳಿದವನು ಕೋರ್ಟಿನ ಮೆಟ್ಟಿಲ ಮೇಲೆ ರಕ್ತ ಕಾರಿ ಸಾಯುತ್ತಾನೆ. ಹೀರೋ ಇನ್ನೂ ಬಂದಿಲ್ಲ, ಅಷ್ಟರಲ್ಲಿ ಕೊನೆಯ ಇಪ್ಪತ್ತು ನಿಮಿಷಕ್ಕೆ ಬೇಕಾದ ಸಾಮಾನೆಲ್ಲ ಮೇಜಿನ ಮೇಲಿದೆ: ಮಾತು, ಮಾತು ತಪ್ಪಿದರೆ ಆಗುವ ಶಿಕ್ಷೆ, ಮಾಯವಾಗುವ ದಾರಿ. ಆ ಕೋಲ ಕಟ್ಟಿದವನ ಮಗನೇ ಹೀರೋ, ಕನಸಿನಿಂದ ಬೆಚ್ಚಿ ಎದ್ದೇಳುವ ಅವನು ಕೋಲದಿಂದ ತಪ್ಪಿಸಿಕೊಂಡು ತಿರುಗುತ್ತಾನೆ. ಅವನಿಗೆ ಯಾವುದು ಬೇಡವೋ ಅದೇ ಕೊನೆಗೆ ಅವನನ್ನು ಹಿಡಿಯುತ್ತದೆ. ನಾಯಕಿ ಫಾರೆಸ್ಟ್ ಗಾರ್ಡ್ ಆದ್ದರಿಂದ ಲವ್ ಟ್ರ್ಯಾಕು ಕೂಡ ಊರು ಮತ್ತು ಇಲಾಖೆಯ ಜಗಳದೊಳಗೆ ಸಿಕ್ಕಿಕೊಳ್ಳುತ್ತದೆ. ನಡುಭಾಗದ ಚುಡಾಯಿಸುವ ಕಾಮಿಡಿ ಉದ್ದವಾಯಿತು, ಅಲ್ಲಿ ಹತ್ತು ನಿಮಿಷ ತೆಗೆಯಬಹುದಿತ್ತು. ಆದರೂ ಆ ಕ್ಲೈಮ್ಯಾಕ್ಸ್‌ಗೆ ಇಡೀ ಚಿತ್ರಮಂದಿರ ಎದ್ದು ಕೂತದ್ದು ಕುಣಿತದ ಬಲದಿಂದ ಮಾತ್ರ ಅಲ್ಲ. ಎರಡು ಗಂಟೆಯಿಂದ ಅದಕ್ಕಾಗಿ ಕಾಯುತ್ತಿದ್ದರು, ಕಾಯುತ್ತಿದ್ದೇವೆಂದು ಗೊತ್ತಾಗದ ಹಾಗೆ ಕಾಯುತ್ತಿದ್ದರು.

ನಿಧಾನವಾದ ಫಸ್ಟ್ ಹಾಫ್ ಕೂಡ ದೋಷವಲ್ಲ ಎನ್ನುವುದಕ್ಕೆ 2014ರ ‘ದೃಶ್ಯ’ ಸಾಕು. ಜೀತು ಜೋಸೆಫ್ ಬರೆದು ನಿರ್ದೇಶಿಸಿದ 2013ರ ಮಲಯಾಳಂ ಚಿತ್ರದ ರೀಮೇಕು ಅದು, ಪಿ. ವಾಸು ನಿರ್ದೇಶನ, ರವಿಚಂದ್ರನ್ ನಾಯಕ. ಕೇಬಲ್ ಟಿವಿ ನಡೆಸುವ ಸಂಸಾರಸ್ಥ, ಆಫೀಸಿನಲ್ಲಿ ರಾತ್ರಿಯಿಡೀ ಸಿನಿಮಾ ನೋಡುತ್ತಾನೆ, ದುಡ್ಡು ಬಿಚ್ಚಲ್ಲ, ಲಂಚಕೋರ ಪೊಲೀಸನ ಜೊತೆ ಅವನಿಗೆ ಸರಿಬರುವುದಿಲ್ಲ. ಮುಕ್ಕಾಲು ಗಂಟೆ ಬೇರೇನೂ ನಡೆದ ಹಾಗೆ ಕಾಣುವುದಿಲ್ಲ. ಮನೆಯಲ್ಲಿ ಆಗಿಹೋದ ಕೊಲೆಯೊಂದನ್ನು ಪೊಲೀಸರಿಂದ ಮುಚ್ಚಿಡಬೇಕಾಗಿ ಬಂದಾಗ, ಸೆಕೆಂಡ್ ಹಾಫ್‌ನಲ್ಲಿ ಇವೆಲ್ಲವೂ ಕೆಲಸಕ್ಕೆ ಬರುತ್ತವೆ. ಬಸ್ ಟಿಕೆಟ್, ಹೋಟೆಲ್ ಬಿಲ್ಲು, ಸಿನಿಮಾ ಟಿಕೆಟ್ ಇಟ್ಟುಕೊಂಡು, ಅದೇ ಜನರನ್ನು ಮತ್ತೆ ಹೋಗಿ ಮಾತಾಡಿಸಿ, ಅವರ ನೆನಪಿನಲ್ಲಿ ದಿನಾಂಕವನ್ನೇ ಬದಲಿಸುವ ಉಪಾಯ ಅವನಿಗೆ ಹೊಳೆಯುವುದು ಸಿನಿಮಾ ನೋಡಿ ನೋಡಿ. ಪೊಲೀಸನ ಹಳೆಯ ದ್ವೇಷ ಅನುಮಾನಕ್ಕೆ ಬೆಂಕಿ ಹಚ್ಚುತ್ತದೆ. ಇಲ್ಲಿ ಸೆಕೆಂಡ್ ಹಾಫ್ ಲ್ಯಾಗ್ ಎನ್ನುವ ದೂರೇ ಬರಲಿಲ್ಲ, ಫಸ್ಟ್ ಹಾಫ್ ನಿಧಾನ ಎಂದವರೂ ಕೊನೆಗೆ ಆ ಮಾತನ್ನು ವಾಪಸ್ ತಗೊಂಡರು.

ಇನ್ನೂ ಹಿಂದಕ್ಕೆ ಹೋದರೆ 1972ರ ‘ನಾಗರಹಾವು’ ಇದೆ. ಹಾಡುಗಳಿವೆ, ಸೆಂಟಿಮೆಂಟ್ ಇದೆ, ಹೊಡೆದಾಟವೂ ಇದೆ, ಕಮರ್ಷಿಯಲ್ ಸಿನಿಮಾಕ್ಕೆ ಏನು ಬೇಕೋ ಎಲ್ಲ ಇದೆ. ಆದರೂ ಒಂದು ದೃಶ್ಯ ಇನ್ನೊಂದನ್ನು ಎಳೆದು ತರುತ್ತದೆ. ಚಾಮಯ್ಯ ಮೇಷ್ಟ್ರ ಮಾತು ಕೇಳಿ ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಅವಳ ಬದುಕು ಹಾಳಾದದ್ದನ್ನು ಮುಂದೆ ಕಣ್ಣಾರೆ ಕಾಣುತ್ತಾನೆ. ಆದ್ದರಿಂದಲೇ ಮಾರ್ಗರೆಟ್ ವಿಷಯದಲ್ಲಿ ಮೇಷ್ಟ್ರ ಮಾತು ಕೇಳಲು ಅವನಿಂದಾಗುವುದಿಲ್ಲ. ಬೆಟ್ಟದ ಮೇಲಿನ ಆ ಕೊನೆ ಹೊರಗಿನಿಂದ ತಂದು ಅಂಟಿಸಿದ್ದಲ್ಲ, ಮೊದಲ ತ್ಯಾಗದ ಲೆಕ್ಕವೇ ಅಲ್ಲಿ ಚುಕ್ತಾ ಆಗುತ್ತದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದು ಚಿತ್ರಕ್ಕೆ ಇಳಿಸಿದ್ದು ಪುಟ್ಟಣ್ಣ ಕಣಗಾಲ್.

ಆ ಕಾಲದ ಗಟ್ಟಿತನಕ್ಕೆ ಕಾರಣ ಹುಡುಕಬೇಕಾದ್ದು ಈ ಕಾದಂಬರಿಗಳಲ್ಲೇ. ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದು, ‘ಶರಪಂಜರ’ ತ್ರಿವೇಣಿ ಅವರದು, ‘ಬಂಗಾರದ ಮನುಷ್ಯ’ ಟಿ.ಕೆ. ರಾಮರಾವ್ ಅವರದು. ಕಾದಂಬರಿಗೆ ಇಂಟರ್ವಲ್ ಇಲ್ಲ. ಅಲ್ಲಿ ಕಥೆ ಕೊನೆಯವರೆಗೆ ಬರೆದೇ ಆಗಿರುತ್ತದೆ, ಓದುಗರು ಓದಿ ಒಪ್ಪಿರುತ್ತಾರೆ. ನಿರ್ಮಾಪಕ ಕೊಳ್ಳುತ್ತಿದ್ದುದು ಸೆಕೆಂಡ್ ಹಾಫ್ ಸಮೇತ ಸಿದ್ಧವಾದ ಕಥೆಯನ್ನು. ಆಮೇಲೆ ರೀಮೇಕ್ ಕಾಲ ಬಂತು. ಅದನ್ನು ಎಷ್ಟೇ ಬೈದರೂ ಅಲ್ಲೂ ಕೈಗೆ ಸಿಗುತ್ತಿದ್ದುದು ಕೊನೆ ಇರುವ ಕಥೆಯೇ. ಡಬ್ಬಿಂಗ್‌ಗೆ ಅಡ್ಡಿ ಮಾಡುವುದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟ ಮೇಲೆ, ಒಟಿಟಿಯಲ್ಲಿ ಮೂಲ ಚಿತ್ರವೇ ಮನೆಗೆ ಬರತೊಡಗಿದ ಮೇಲೆ, ರೀಮೇಕಿನ ದಾರಿ ಬಹುಮಟ್ಟಿಗೆ ಮುಚ್ಚಿತು. ಈಗ ಗಾಂಧಿನಗರ ಸ್ವಂತ ಕಥೆ ಬರೆಯಬೇಕು, ಬರೆಯುವವರನ್ನು ಸಾಕುವ ವ್ಯವಸ್ಥೆ ಮಾತ್ರ ಬೆಳೆದಿಲ್ಲ.

ವ್ಯವಸ್ಥೆ ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಕಥೆ ಕೆಡುವ ಜಾಗ ಇದೇ ಆದ್ದರಿಂದ. ನಮ್ಮಲ್ಲಿ ಕಥೆಯನ್ನು ಓದಿಸುವುದಿಲ್ಲ, ಹೇಳುತ್ತಾರೆ. ನರೇಶನ್ ಅಂತಾರೆ. ಸ್ಟಾರ್ ಮುಂದೆ ನಿರ್ದೇಶಕ ಒಂದೆರಡು ಗಂಟೆ ಕೂತು, ಬಾಯಲ್ಲೇ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಕೊಟ್ಟು, ಎಂಟ್ರಿ ಹೇಳುತ್ತಾನೆ, ಇಂಟರ್ವಲ್ ಹೇಳುತ್ತಾನೆ, ನಾಲ್ಕು ಪಂಚ್ ಡೈಲಾಗ್ ಹೇಳುತ್ತಾನೆ. ಹೇಳುವ ಕಲೆಯಲ್ಲಿ ಶಿಖರಗಳು ಮಿಂಚುತ್ತವೆ, ಕೊಂಡಿಗಳು ಜಾರಿಹೋಗುತ್ತವೆ. ‘ಅಲ್ಲಿಂದ ಒಂದು ಲವ್ ಟ್ರ್ಯಾಕು ಸಾರ್, ಚೆನ್ನಾಗಿ ಮಾಡ್ತೀವಿ’ ಎಂಬ ಒಂದು ವಾಕ್ಯದಲ್ಲಿ 25 ನಿಮಿಷದ ಸಿನಿಮಾ ದಾಟಿಬಿಡುತ್ತದೆ. ‘ಸೆಕೆಂಡ್ ಹಾಫಲ್ಲಿ ಕ್ಯಾಟ್ ಅಂಡ್ ಮೌಸ್ ಗೇಮ್’ ಎಂದರೆ ಇನ್ನೊಂದು ಅರ್ಧ ಗಂಟೆ ದಾಟಿತು. ಓಕೆ ಆಯಿತು, ಕಾಲ್‌ಶೀಟ್ ಸಿಕ್ಕಿತು, ಮುಹೂರ್ತವೂ ಆಯಿತು. ಆ ಒಂದು ವಾಕ್ಯವನ್ನು ದೃಶ್ಯಗಳಾಗಿ ಬಿಡಿಸುವ ಕೆಲಸ ಲೊಕೇಶನ್‌ನಲ್ಲಿ, ಬೆಳಗಿನ ಜಾವ, ಲೈಟು ಹಾಕುವ ಹೊತ್ತಿನಲ್ಲಿ ನಡೆಯುತ್ತದೆ.

ಅಮೆರಿಕದಲ್ಲಿ ಹಣ ಹಾಕುವವರ ಕೈಗೆ ಹೋಗುವುದು ಬರೆದ ಪುಟಗಳು. ಸ್ಟುಡಿಯೋಗಳಲ್ಲಿ ಓದುವುದಕ್ಕೆಂದೇ ಸಂಬಳದವರಿದ್ದಾರೆ. ಅವರು ಓದಿ ಸಾರಾಂಶ ಬರೆಯುತ್ತಾರೆ, ಎಲ್ಲಿ ಎಳೆಯಿತು ಎಂದು ಗುರುತು ಹಾಕುತ್ತಾರೆ. 60ನೇ ಪುಟದಲ್ಲಿ ಕಥೆ ನಿಂತಿದ್ದರೆ ಅದು ಮೊದಲ ಶಾಟ್ ತೆಗೆಯುವ ಮುಂಚೆಯೇ ಗೊತ್ತಾಗುತ್ತದೆ, ಕಾಗದದ ಮೇಲೆ ಸರಿಪಡಿಸುವ ಖರ್ಚೂ ಸೆಟ್ ಹಾಕಿ ಸರಿಪಡಿಸುವ ಖರ್ಚೂ ಒಂದೇ ಅಲ್ಲ. ಬರಹಗಾರರಿಗೆ ಒಕ್ಕೂಟ ಇದೆ, ಕನಿಷ್ಠ ಸಂಭಾವನೆ ನಿಗದಿಯಾಗಿದೆ, 2023ರಲ್ಲಿ ಅವರು 148 ದಿನ ಮುಷ್ಕರ ಹೂಡಿ ಉದ್ಯಮವನ್ನೇ ನಿಲ್ಲಿಸಿದರು. ಟೈಟಲ್ ಕಾರ್ಡಿನಲ್ಲೂ ಲೆಕ್ಕ ಪಕ್ಕಾ: ಇಬ್ಬರು ಬರಹಗಾರರ ಹೆಸರಿನ ನಡುವೆ ‘ಮತ್ತು’ ಎಂಬುದರ ಚಿಹ್ನೆ (&) ಇದ್ದರೆ ಅವರು ಜೊತೆಗೆ ಕೂತು ಬರೆದ ತಂಡ, ಪದವನ್ನೇ (and) ಬರೆದಿದ್ದರೆ ಇಬ್ಬರೂ ಬೇರೆ ಬೇರೆಯಾಗಿ ಬರೆದವರು. ನಮ್ಮ ಪೋಸ್ಟರಿನಲ್ಲಿ ‘ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ’ ಎಲ್ಲಕ್ಕೂ ಒಂದೇ ಹೆಸರು. ಕೆಲವರು ನಾಲ್ಕನ್ನೂ ನಿಭಾಯಿಸಬಲ್ಲರು, ಅಂಥವರು ಕನ್ನಡದಲ್ಲಿ ಇದ್ದಾರೆ. ಉಳಿದವರಿಗೆ ‘ಸಾರ್, ಇಲ್ಲಿ ಕಥೆ ನಿಂತಿದೆ’ ಎಂದು ಹೇಳುವ ಎರಡನೇ ಕಣ್ಣೇ ಇರುವುದಿಲ್ಲ.

ಅಮೆರಿಕದ ಚಿತ್ರಕ್ಕೆ ಇಲ್ಲಿ ಪೂರ್ತಿ ಅಂಕ ಕೊಡಲಾಗದು, ಅದಕ್ಕೆ ಎರಡು ಕಾರಣ. ಒಂದು, ಬೆಂಗಳೂರಿನಲ್ಲಿ ನೋಡುವ ಚಿತ್ರ ಅವರು ಮಾಡಿದ ಚಿತ್ರವೇ ಅಲ್ಲ. ಮಧ್ಯಂತರವಿಲ್ಲದೆ ಬರೆದದ್ದನ್ನು ಇಲ್ಲಿ ನಡುವೆ ಮುರಿದು ತೋರಿಸುತ್ತಾರೆ. ಎರಡು ಗಂಟೆಯ ಚಿತ್ರವಾದರೆ 55ರಿಂದ 65ನೇ ನಿಮಿಷದೊಳಗೆ ದೀಪ ಹತ್ತುತ್ತದೆ. ಅಲ್ಲಿನ ಚಿತ್ರಕಥೆಯ ನಡುಗಂಬ, ಅಂದರೆ ನಾಯಕನ ಲೆಕ್ಕಾಚಾರ ತಿರುಗುವ ದೊಡ್ಡ ದೃಶ್ಯ, ಬರುವುದೂ ಇದೇ ಜಾಗದಲ್ಲಿ. ಮುರಿತ ಆ ದೃಶ್ಯದ ನಂತರ ಬಿದ್ದರೆ ಪರವಾಗಿಲ್ಲ. ಐದು ನಿಮಿಷ ಮುಂಚೆ ಬಿದ್ದರೆ ಕಟ್ಟುತ್ತಾ ಬಂದ ಬಿಗಿಯೆಲ್ಲ ಸಡಿಲವಾಗುತ್ತದೆ, ತಿರುವು ಬರುವಾಗ ಅರ್ಧ ಜನ ಇನ್ನೂ ಸಮೋಸ ಕೌಂಟರ್‌ನ ಸಾಲಿನಲ್ಲಿ ಇರುತ್ತಾರೆ. ಮಾತಿನ ನಡುವೆ, ಸಂಗೀತದ ನಡುವೆ ತುಂಡಾಗುವುದೂ ಉಂಟು. ಥ್ರಿಲ್ಲರ್, ಹಾರರ್ ಚಿತ್ರಗಳಿಗೆ ಇದರಿಂದ ಆಗುವ ನಷ್ಟ ಹೆಚ್ಚು. ಆ ಚಿತ್ರಗಳನ್ನು ಇಲ್ಲಿ ನೋಡುವವರು ಮಧ್ಯಂತರದಲ್ಲಿ ಸೀಟು ಬಿಡದೆ, ಫೋನು ನೋಡದೆ ಕೂತರೆ ಅರ್ಧದಷ್ಟಾದರೂ ಉಳಿಸಿಕೊಳ್ಳಬಹುದು.

ಮಧ್ಯಂತರವೇ ಪಾಪ ಎನ್ನಲು ಬರುವುದಿಲ್ಲ. ಅಮೆರಿಕದ ದೊಡ್ಡ ಚಿತ್ರಗಳಲ್ಲೂ ಒಂದು ಕಾಲಕ್ಕೆ ಅದು ಇತ್ತು, 2024ರ ‘ದಿ ಬ್ರೂಟಲಿಸ್ಟ್’ ಚಿತ್ರ 15 ನಿಮಿಷದ ಬಿಡುವನ್ನು ಒಳಗೇ ಸೇರಿಸಿಕೊಂಡು ಬಂತು. ಬರೆಯುವಾಗಲೇ ಬಿಡುವನ್ನು ಲೆಕ್ಕಕ್ಕೆ ತಗೊಂಡರೆ ಅದು ಶಕ್ತಿ. ಈ ವಿದ್ಯೆಯಲ್ಲಿ ನಾವು ಅವರಿಗಿಂತ ಮುಂದಿದ್ದೇವೆ. ಇಂಟರ್ವಲ್‌ಗೆ ಮುನ್ನದ ಹತ್ತು ನಿಮಿಷ ಕಟ್ಟುವುದರಲ್ಲಿ ನಮ್ಮ ನಿರ್ದೇಶಕರಿಗೆ ಸಾಟಿ ಇಲ್ಲ. ಕೊರತೆ ಇರುವುದು ಆ ಹತ್ತು ನಿಮಿಷ ಯಾವ ಬಾಗಿಲು ಮುಚ್ಚುತ್ತದೆ, ಯಾವುದನ್ನು ತೆರೆಯುತ್ತದೆ ಎಂಬ ಲೆಕ್ಕದಲ್ಲಿ. ಹೀರೋ ಗುರುತು ಬಯಲಾಗುವ ಇಂಟರ್ವಲ್‌ಗಿಂತ ಹೀರೋ ಏನನ್ನೋ ಕಳೆದುಕೊಳ್ಳುವ ಇಂಟರ್ವಲ್ ಮೇಲು. ತಾನೇ ಮಾಡಿದ ತೀರ್ಮಾನದಿಂದ ಕಳೆದುಕೊಂಡರೆ ಇನ್ನೂ ಮೇಲು.

ಎರಡನೇ ಕಾರಣ ದೊಡ್ಡ ಬಜೆಟ್ಟಿನ ಅಮೆರಿಕದ ಚಿತ್ರಗಳ ಕೊನೆಯ ಮೂವತ್ತು ನಿಮಿಷ. ಬಿಡುಗಡೆ ದಿನಾಂಕ ವರ್ಷಗಳ ಮುಂಚೆ ಗೊತ್ತಾಗಿರುತ್ತದೆ, ದೊಡ್ಡ ಆ್ಯಕ್ಷನ್ ದೃಶ್ಯಗಳ ಕಂಪ್ಯೂಟರ್ ನಕ್ಷೆ ಚಿತ್ರೀಕರಣಕ್ಕೆ ಬಹಳ ಮುಂಚೆಯೇ ಶುರುವಾಗಿರುತ್ತದೆ. ನಾಯಕನ ಒಳಗಿನ ಪ್ರಶ್ನೆಯನ್ನು ತೀರಿಸಬೇಕಾದ ಜಾಗದಲ್ಲಿ ಆಕಾಶದಿಂದ ಏನೋ ಬೀಳುತ್ತದೆ, ಊರು ಪುಡಿಯಾಗುತ್ತದೆ. ಇಡೀ ಲೋಕ ಉಳಿಯಬೇಕು ಎಂದಾಗ ಯಾರ ಮೇಲೂ ಕಣ್ಣು ನಿಲ್ಲುವುದಿಲ್ಲ. ಅದರ ಮೇಲೆ ಹೆಸರುಗಳೆಲ್ಲ ಹೋದ ನಂತರ ಮುಂದಿನ ಚಿತ್ರದ ಜಾಹೀರಾತಿನಂಥ ದೃಶ್ಯ ಬೇರೆ. ಹಿಂದಿನ ಆರು ಚಿತ್ರ ನೋಡಿರಬೇಕು ಎಂದು ಕೇಳುವ ಕಥೆ ಆ ಟಿಕೆಟಿನ ಮಟ್ಟಿಗೆ ಅರ್ಧ ಕಥೆಯೇ. ಉದ್ದದ ವಿಷಯದಲ್ಲೂ ಅವರು ನಮ್ಮನ್ನು ಬೈಯುವ ಹಾಗಿಲ್ಲ: 2019ರ ‘ಅವೆಂಜರ್ಸ್: ಎಂಡ್‌ಗೇಮ್’ 181 ನಿಮಿಷ, 2023ರ ‘ಓಪನ್‌ಹೈಮರ್’ 180 ನಿಮಿಷ.

ಹೋಲಿಕೆ ಮಾಡುವಾಗ ಇನ್ನೊಂದು ಅನ್ಯಾಯ ಗಮನದಲ್ಲಿರಲಿ. ಕನ್ನಡದಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಚಿತ್ರ ತೆರೆಕಾಣುತ್ತವೆ, ಒಳ್ಳೆಯದು ಕೆಟ್ಟದ್ದು ಎಲ್ಲವೂ ನಮ್ಮ ಕಣ್ಣಿಗೆ ಬೀಳುತ್ತವೆ. ಅಮೆರಿಕದಿಂದ ಇಲ್ಲಿಯ ಪರದೆಗೆ ಬರುವುದು ಆಯ್ದ ಕೆಲವು. ಅಲ್ಲಿನ ಕಳಪೆ ಚಿತ್ರ ಸಮುದ್ರ ದಾಟುವುದೇ ಇಲ್ಲ. ಅಲ್ಲಿನ ಚಿಕ್ಕ, ಚೊಕ್ಕ ಕಥೆಗಳೂ ಬಹುಪಾಲು ನಮ್ಮ ಚಿತ್ರಮಂದಿರಕ್ಕೆ ಬರುವುದಿಲ್ಲ. ಅವು ಸಿಗುವುದು ಒಟಿಟಿಯಲ್ಲಿ, ಕೆಲವೊಮ್ಮೆ ಬೆಂಗಳೂರು ಚಿತ್ರೋತ್ಸವದಲ್ಲಿ. ಕನ್ನಡಕ್ಕೆ ಡಬ್ ಆಗಿ ಬರುವ ಅಮೆರಿಕದ ಚಿತ್ರಗಳೂ ಈಗ ಇವೆ, ಆಟಗಳು ಮಾತ್ರ ಬೆರಳೆಣಿಕೆ. ಕಥೆ ಅರ್ಥವಾಗಲು ಅವು ಸಾಕು, ತುಟಿಯ ಅಳತೆಗೆ ಮಾತು ಹೊಂದಿಸುವ ಭರದಲ್ಲಿ ತಮಾಷೆ ಮಾತುಗಳು ಸಾಯುತ್ತವೆ.

ಹಾಡಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹಾಡು ಶುರುವಾಗುವಾಗ ಪಾತ್ರ ಎಲ್ಲಿತ್ತೋ ಮುಗಿದಾಗಲೂ ಅಲ್ಲೇ ಇದ್ದರೆ ಅದು ನಾಲ್ಕೂವರೆ ನಿಮಿಷದ ನಷ್ಟ. ಹಾಡಿನೊಳಗೆ ಒಂದು ವರ್ಷ ಕಳೆದರೆ, ಒಂದು ಸಂಬಂಧ ಕಟ್ಟಿದರೆ ಅಥವಾ ಮುರಿದರೆ, ಅದು ಅಮೆರಿಕದ ಚಿತ್ರ ಹತ್ತು ದೃಶ್ಯದಲ್ಲಿ ಮಾಡುವುದನ್ನು ಒಂದೇ ಹಾಡಿನಲ್ಲಿ ಮಾಡಿ ಮುಗಿಸಿದ ಹಾಗೆ. ಮ್ಯೂಸಿಕಲ್‌ಗಳನ್ನು ಬಿಟ್ಟರೆ ಈ ಸಲಕರಣೆ ಅವರ ಮಾಮೂಲಿ ಚಿತ್ರಗಳಲ್ಲಿ ಇಲ್ಲ, ನಾವು ನಾಚಿಕೆ ಪಟ್ಟು ಬಿಟ್ಟುಬಿಡುವುದೂ ಬೇಡ.

ಪಾರ್ಟ್ ಒನ್, ಪಾರ್ಟ್ ಟೂ ಎಂದು ಒಂದೇ ಕಥೆಯನ್ನು ಎರಡು ಟಿಕೆಟಿಗೆ ಕೊಡುವ ಪದ್ಧತಿ ಈಗ ಎಲ್ಲ ಭಾಷೆಯಲ್ಲೂ ಹಬ್ಬಿದೆ. ಇದರಲ್ಲಿ ಮೊದಲ ಭಾಗವೆಂದರೆ ಬಹಳ ಸಲ ಉಬ್ಬಿಸಿದ ಫಸ್ಟ್ ಹಾಫ್ ಅಷ್ಟೇ. ಸರಿಯಾಗಿ ಮಾಡಿದ್ದು ಹೇಗಿರುತ್ತದೆ ಎಂದು ತಿಳಿಯಲು ಹೇಮಂತ್ ಎಂ. ರಾವ್ ಅವರ 2023ರ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಸೈಡ್ ಎ ನೋಡಬೇಕು. ಡ್ರೈವರ್ ಹುಡುಗನಿಗೆ, ಹಾಡುವ ಹುಡುಗಿಗೆ ಸಮುದ್ರ ಕಾಣುವ ಒಂದು ಮನೆ ಬೇಕು. ಬೇಕು ಎಂಬುದು ಅಷ್ಟು ಚಿಕ್ಕದು, ಅಷ್ಟು ಸ್ಪಷ್ಟ. ಆ ಮನೆಯ ದುಡ್ಡಿಗಾಗಿ ಯಜಮಾನನ ಮಗನ ಅಪಘಾತದ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಯಾರೂ ಅವನನ್ನು ತಳ್ಳಲಿಲ್ಲ, ತಾನೇ ದಾಟಿದ ಬಾಗಿಲು ಅದು. ಅಲ್ಲಿಂದ ಬರುವ ಪ್ರತಿ ದೃಶ್ಯವೂ ಆ ತೀರ್ಮಾನಕ್ಕೆ ಕೊಡುವ ಬೆಲೆ. ನಿಧಾನಗತಿಯ ಚಿತ್ರ, ಆದರೂ ಕಾಯುವುದಕ್ಕೆ ಏನೂ ಇಲ್ಲದ ಒಂದು ನಿಮಿಷ ಇಲ್ಲ. ಎರಡನೇ ಭಾಗ ಬಾರದೆ ಹೋಗಿದ್ದರೂ ಸೈಡ್ ಎ ಒಂದು ಪೂರ್ತಿ ಕಥೆಯಾಗಿ ನಿಲ್ಲುತ್ತಿತ್ತು. ಭಾಗ ಮಾಡಲು ಹೊರಡುವ ಪ್ರತಿ ನಿರ್ಮಾಪಕರೂ ಈ ಪರೀಕ್ಷೆ ಮಾಡಿಕೊಳ್ಳಬೇಕು.

ಟಿಕೆಟ್ ತೆಗೆಯುವವರಿಗೆ ಕೊನೆಯದಾಗಿ ಕೆಲವು ಕೆಲಸದ ಮಾತು. ಕಥೆಗಾಗಿಯೇ ಹೋಗುವವರು ಮೊದಲ ದಿನದ ತೀರ್ಪುಗಳಲ್ಲಿ ಎಂಟ್ರಿ, ಬಿಜಿಎಂ (ಹಿನ್ನೆಲೆ ಸಂಗೀತ), ಎಲಿವೇಶನ್ (ಹೀರೋನನ್ನು ಎತ್ತಿ ಮೆರೆಸುವ ದೃಶ್ಯ) ಎಂಬ ಮಾತುಗಳನ್ನು ಬದಿಗಿಟ್ಟು, ‘ಆಮೇಲೆ ಅವನು ಏನು ಮಾಡ್ತಾನೆ ಗೊತ್ತಾ’ ಎಂದು ಯಾರಾದರೂ ಕಥೆ ಹೇಳಲು ಹೊರಟಿದ್ದಾರೆಯೇ ನೋಡಿ. ಹಾಗೆ ಹೇಳುವವರು ಸಿಕ್ಕರೆ ಧೈರ್ಯವಾಗಿ ಹೋಗಬಹುದು. ಪೋಸ್ಟರಿನಲ್ಲಿ ಚಿತ್ರಕಥೆಗೆ ನಿರ್ದೇಶಕನಲ್ಲದೆ ಇನ್ನೊಂದು ಹೆಸರಿದ್ದರೆ ಒಳ್ಳೆಯ ಲಕ್ಷಣ. ಅಬ್ಬರದ ಮಾಸ್ ಚಿತ್ರವನ್ನು ಕೆ.ಜಿ. ರಸ್ತೆಯಲ್ಲೋ ಮಾಗಡಿ ರಸ್ತೆಯಲ್ಲೋ ದೊಡ್ಡ ಪರದೆಯಲ್ಲಿ, ತುಂಬಿದ ಆಟದಲ್ಲೇ ನೋಡಿ. ಅದರ ಫಸ್ಟ್ ಹಾಫ್ ಬರೆದದ್ದೇ ಆ ಜನರ ಕೂಗಿಗೆ ಜಾಗ ಬಿಟ್ಟು, ಖಾಲಿ ಹಾಲ್‌ನಲ್ಲಿ ಆ ಜಾಗಗಳು ಬೋಳಾಗಿ ಕಾಣುತ್ತವೆ. ಕಾಂತಾರದಂಥ, ದೃಶ್ಯದಂಥ ಚಿತ್ರಕ್ಕೆ ಮೊದಲ ಹತ್ತು ನಿಮಿಷ ತಪ್ಪಿಸಿಕೊಂಡರೆ ಟಿಕೆಟ್ ವ್ಯರ್ಥ, ಟ್ರಾಫಿಕ್ ಲೆಕ್ಕ ಹಾಕಿ ಬೇಗ ಹೊರಡಿ. ಅಮೆರಿಕದ ಚಿತ್ರಕ್ಕೂ ಇದೇ ಮಾತು: ಅಲ್ಲಿ ಕರಪತ್ರ ಹಂಚುವುದು ಮೊದಲ ಅರ್ಧ ಗಂಟೆಯಲ್ಲೇ.